ಬ್ಯಾಂಡ್ ಸೆಟ್ಟಿನ ನಂಬರು

ಜ್ಯೋತಿಲಕ್ಷ್ಮಿ ಫೋನ್ ಕಂಪನಿಗೆ ಕೊಟ್ಟಿದ್ದ ಏಳನೆಯ ದೂರು ಕೂಡ ಆ ಬೆಳಿಗ್ಗೆ ಮುಕ್ತಾಯವಾಯಿತು. ಮುಕ್ತಾಯ ಅಂದರೆ ತೊಂದರೆ ಸರಿಹೋಯಿತು ಅಂತಲ್ಲ. ಮನೆಯೊಳಗೆ ಸಿಗ್ನಲ್ ಇಲ್ಲ, ಬಂದ ಕರೆ ತಲುಪುವುದಿಲ್ಲ ಅಂತ ಅವಳು ದೂರು ಕೊಡುವುದು. ಅದನ್ನು ವಿಚಾರಿಸಲು ಕಂಪನಿಯವರು ಅದೇ ಫೋನಿಗೆ ಕರೆ ಮಾಡುವುದು. ಸಿಗ್ನಲ್ ಇಲ್ಲದ ಫೋನು ಬಾಯಿ ಮುಚ್ಚಿಕೊಂಡು ಬಿದ್ದಿರುವುದು. ಆಮೇಲೆ 'ಗ್ರಾಹಕರು ಸಂಪರ್ಕಕ್ಕೆ ಸಿಗದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ' ಅಂತ ಒಂದು ಮೆಸೇಜು ಬರುವುದು. ಆ ಮೆಸೇಜು ಮಾತ್ರ ಹೇಗೋ ದಾರಿ ಮಾಡಿಕೊಂಡು ಬಂದು ಸೇರುತ್ತಿತ್ತು. ಇವರ ತಲೆಯಲ್ಲಿ ಏನು ತುಂಬಿದೆಯೋ ನಿನಗಾದರೂ ಗೊತ್ತೇನಪ್ಪ ಅಂತ ಜ್ಯೋತಿಲಕ್ಷ್ಮಿ ಗೋಡೆಯ ಮೇಲಿದ್ದ ಬುದ್ಧನ ಪಟವನ್ನು ಕೇಳಿದಳು. ಬುದ್ಧ ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಇದ್ದ.

ಅವಳ ಸಿಟ್ಟಿಗೆ ಕಾರಣವಿತ್ತು. ಚಾಮರಾಜಪೇಟೆಯ ಐದನೇ ಮೇನ್ ಹಿಂದಿನ ಸಂದಿಯಲ್ಲಿರುವ ಆ ಮನೆಯ ಮುಂದಿನ ಕೋಣೆಯೇ ಶ್ರೀನಿವಾಸಯ್ಯ ಬ್ಯಾಂಡ್ ಸೆಟ್ಟಿನ ಆಫೀಸು, ಉಗ್ರಾಣ, ಅಭ್ಯಾಸದ ಜಾಗ ಎಲ್ಲವೂ. ಬ್ಯಾಂಡು ಕಟ್ಟಿದವರು ಅವಳ ಮಾವ ಶ್ರೀನಿವಾಸಯ್ಯ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಈಗ ನಡೆಸುತ್ತಿರುವವನು ಗಂಡ ಮೂರ್ತಿ, ಕ್ಲಾರಿನೆಟ್ ಊದುವವನು. ಅವನು ನಡೆಸುವುದು ಅಂದರೆ ಮೆರವಣಿಗೆಯ ಮುಂದೆ ನಡೆಯುವುದು, ಅಷ್ಟೆ. ತಾರೀಕು ಹಿಡಿಯುವುದು, ಹದಿನಾಲ್ಕು ಜನ ಕಲಾವಿದರನ್ನು ಹೊತ್ತಿಗೆ ಸರಿಯಾಗಿ ಸೇರಿಸುವುದು, ಕೆಂಪು ಕೋಟುಗಳಿಗೆ ಇಸ್ತ್ರಿ ಹಾಕಿಸುವುದು, ಗಂಡಿನ ಕಡೆಯವರ ಹತ್ತಿರ ಜಗಳವಾಡುವುದು ಇವೆಲ್ಲ ಜ್ಯೋತಿಲಕ್ಷ್ಮಿಯ ಇಲಾಖೆ. ಮೂರ್ತಿಗೆ ಜಗಳವಾಡಲು ಬರುವುದಿಲ್ಲ. ಅವಳಿಗೆ ಆಡದೆ ಇರಲು ಬರುವುದಿಲ್ಲ.

ಬ್ಯಾಂಡಿನ ವ್ಯವಹಾರವೆಲ್ಲ ಒಂದೇ ಒಂದು ಫೋನ್ ನಂಬರಿನ ಮೇಲೆ ನಿಂತಿತ್ತು. ದೊಡ್ಡ ಡ್ರಮ್ಮಿನ ಮುಖದ ಮೇಲೆ ಬ್ಯಾಂಡಿನ ಹೆಸರಿನ ಕೆಳಗೆ ಆ ಹತ್ತು ಅಂಕಿಗಳನ್ನು ಗೇಣುದ್ದ ಬರೆಸಿದ್ದರು. ಮೆರವಣಿಗೆ ನೋಡಲು ಬಾಲ್ಕನಿಗೆ ಬಂದವರು ಅದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಮಲ್ಲೇಶ್ವರದಿಂದ ಬಸವನಗುಡಿಯವರೆಗೆ ಯಾವ ಕಲ್ಯಾಣ ಮಂಟಪದ ಮ್ಯಾನೇಜರನ ಡೈರಿ ತೆಗೆದರೂ ಅದೇ ನಂಬರು. ಇಪ್ಪತ್ತೆರಡು ವರ್ಷದಿಂದ ಅದು ಬದಲಾಗಿರಲಿಲ್ಲ. ಸಿಗ್ನಲ್ ಹೋದ ಮೇಲೆ ಜ್ಯೋತಿಲಕ್ಷ್ಮಿ ಬೇರೆ ಕಂಪನಿಯ ಒಂದು ಹೊಸ ಸಿಮ್ ತೆಗೆದುಕೊಂಡು ಒಂದು ತಿಂಗಳು ನೋಡಿದ್ದಳು. ಮನೆಯೊಳಗೆ ಅದರ ಸಿಗ್ನಲ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ನಂಬರು ಯಾರಿಗೆ ಗೊತ್ತು? ತಿಂಗಳಿಗೆ ಬಂದ ಕರೆ ಎರಡು. ಒಂದು ಸಾಲ ಬೇಕೇ ಅಂತ, ಇನ್ನೊಂದು ರಾಂಗ್ ನಂಬರು.

ಸಿಗ್ನಲ್ ಹೋದದ್ದು ಹೋದ ನವರಾತ್ರಿಯ ಹೊತ್ತಿಗೆ. ಹಿಂದಿನ ಬೀದಿಯ ಹಳೆಯ ಕಟ್ಟಡದ ತಾರಸಿಯ ಮೇಲೆ ಕಂಪನಿಯ ಟವರ್ ಇತ್ತು. ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟಿಸಲೆಂದು ಕಟ್ಟಡ ಒಡೆಸಿದರು, ಟವರ್ ಇಳಿಯಿತು. ಅಂದಿನಿಂದ ಬ್ಯಾಂಡಿನ ಫೋನು ಬಟ್ಟೆಯ ಚೀಲದಲ್ಲಿ ಕೂತು ಮಹಡಿಯ ಮನೆಯ ಮುನಿಯಕ್ಕನ ಕಿಟಕಿಯ ಕಂಬಿಗೆ ನೇತಾಡತೊಡಗಿತು. ಅಲ್ಲಿ ಸಿಗ್ನಲ್ ಮನಸ್ಸಾದಾಗ ಬರುತ್ತಿತ್ತು, ಬೇಸರವಾದಾಗ ಹೋಗುತ್ತಿತ್ತು. ಎಪ್ಪತ್ತು ದಾಟಿದ ಮುನಿಯಕ್ಕ ಒಳ್ಳೆಯವಳು. ಫೋನು ಹೊಡೆದುಕೊಂಡರೆ ಕೆಳಗೆ ಕೂಗಿ ಹೇಳಮ್ಮ ಅಂದರೆ, ಪಾಪ ಅವರನ್ನೇಕೆ ಕಾಯಿಸಬೇಕು ಅಂತ ತಾನೇ ಎತ್ತಿ ಮಾತಾಡುತ್ತಿದ್ದಳು. "ಮದ್ವೆನಾ? ಸಂತೋಷ. ಹುಡುಗ ಏನ್ ಕೆಲ್ಸ ಮಾಡ್ತಾನೆ? ಕುಡಿಯಲ್ಲ ತಾನೇ?" ಅಂತ ಆಕೆ ಹೆಣ್ಣಿನ ತಂದೆಯೊಬ್ಬರನ್ನು ವಿಚಾರಿಸಿದ ಮೇಲೆ ಆ ಮದುವೆಯ ತಾರೀಕು ಕೈತಪ್ಪಿತು.

ಮಾಘದ ಲಗ್ನಗಳು ಹೀಗೇ ಕೈತಪ್ಪಿದವು. ಎರಡು ತಲೆಮಾರಿನಿಂದ ಬ್ಯಾಂಡಿಗೆ ಹೇಳುತ್ತಿದ್ದ ಮಲ್ಲೇಶ್ವರದ ಗೌರೀಶ್ ಮಾರ್ಕೆಟ್ಟಿನಲ್ಲಿ ಸಿಕ್ಕಾಗ, "ಹನ್ನೊಂದ್ ಸಲ ಫೋನ್ ಮಾಡ್ದೆ ಮೇಡಂ. ಬ್ಯಾಂಡ್ ಮುಚ್ಚಿಹೋಯ್ತೇನೋ ಅನ್ಕೊಂಡು ಡಿಜೆಗೆ ಹೇಳಿದ್ವಿ" ಅಂದರು. ಇಬ್ಬರು ಡ್ರಮ್ಮಿನವರು ಬೇರೆ ಸೆಟ್ಟಿಗೆ ಹೋದರು. ಒಂದು ಸಂಜೆ ಮೂರ್ತಿ ಕ್ಲಾರಿನೆಟ್ಟನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತ, ತಲೆ ಎತ್ತದೆ, "ಯುಗಾದಿ ಆದ್ಮೇಲಿನ ಸೀಸನ್ನೂ ಹೀಗೇ ಆದ್ರೆ ಮುಚ್ಚಿಬಿಡೋಣ ಜ್ಯೋತಿ. ಅಷ್ಟು ಜನಾನ ಸುಮ್ನೆ ಕಾಯ್ಸೋದು ಪಾಪ" ಅಂದ. ಯುಗಾದಿಗೆ ಐದು ವಾರವಿತ್ತು. ಮೂರ್ತಿ ಸಿಟ್ಟಿನಲ್ಲಿ ಹೇಳಿದ್ದರೆ ಅವಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಶಾಂತವಾಗಿ ಹೇಳಿದ್ದಕ್ಕೇ ಅವಳಿಗೆ ಅದು ನಿಜ ಅನ್ನಿಸಿತು.

ಕಂಪನಿಯನ್ನು ಬಿಟ್ಟು, ಇದೇ ನಂಬರಿನೊಂದಿಗೆ ಬೇರೆ ಕಂಪನಿಗೆ ಹೋಗಬಹುದಲ್ಲ ಅಂತ ಯಾರಾದರೂ ಕೇಳಿದರೆ ಜ್ಯೋತಿಲಕ್ಷ್ಮಿ ಮಾತು ಬದಲಿಸುತ್ತಿದ್ದಳು. ಅಲ್ಲಿ ಅವಳದೇ ಒಂದು ಎಡವಟ್ಟಿತ್ತು. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಮಕ್ಕಳ ಕೂಟದ ಸರ್ಕಲ್ಲಿನ ಹತ್ತಿರ ಕಂಪನಿಯವನೊಬ್ಬ ದೊಡ್ಡ ಕೊಡೆ ನೆಟ್ಟುಕೊಂಡು ಕೂತಿದ್ದ. 'ವ್ಯಾಪಾರಿ ಪ್ಯಾಕ್' ಅಂತ ಒಂದು ಬಂದಿದೆ, ಬ್ಯಾಂಡಿನ ನಂಬರಿನ ಜೊತೆಗೆ ಮನೆಯವರಿಗೆ ಇನ್ನೂ ಮೂರು ಸಿಮ್, ಮೇಲಾಗಿ ಯಾರಾದರೂ ಕರೆ ಮಾಡಿದರೆ ಟ್ರಿಣ್ ಟ್ರಿಣ್ ಬದಲು ನಿಮ್ಮದೇ ಬ್ಯಾಂಡಿನ ವಾದ್ಯ ಕೇಳಿಸುತ್ತೆ ಅಕ್ಕ ಅಂದ. ಆ ಕೊನೆಯ ಮಾತಿಗೆ ಅವಳು ಕರಗಿಹೋದಳು. ಫೋನಿಗೆ ಬಂದ ಓಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಹದಿನೆಂಟು ತಿಂಗಳು ಬಿಟ್ಟು ಹೋಗುವಂತಿಲ್ಲ ಅನ್ನುವುದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಬ್ಯಾಂಡಿನ ವಾದ್ಯ ಈಗಲೂ ಕೇಳಿಸುತ್ತಿತ್ತಂತೆ. ಎತ್ತುವವರಿಲ್ಲದೆ ಪೂರ್ತಿ ಹಾಡೇ ಕೇಳಿಸುತ್ತಿತ್ತಂತೆ.

ಏಳನೆಯ ದೂರು ಮುಕ್ತಾಯವಾದ ದಿನ ಅವಳು ಚೀಲದಲ್ಲಿದ್ದ ಫೋನನ್ನು ಬಿಚ್ಚಿಕೊಂಡು ಗಾಂಧಿ ಬಜಾರಿನಲ್ಲಿರುವ ಕಂಪನಿಯ ಮಳಿಗೆಗೆ ಹೋದಳು. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಯಶಶ್ರೀ ಅಂತ ಹೆಸರಿನ ಬಿಲ್ಲೆ ಇತ್ತು. "ಹೇಳಿ ಮೇಡಂ" ಅಂದದ್ದೇ ತಡ, ಜ್ಯೋತಿಲಕ್ಷ್ಮಿ ಹತ್ತು ನಿಮಿಷ ಹೇಳಿದಳು. ಟವರ್, ಕಿಟಕಿ, ಮುನಿಯಕ್ಕ, ಕೊಡೆಯವನು ಯಾರನ್ನೂ ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕೂಡ ತಮ್ಮ ಕೆಲಸ ಮರೆತು ಕೇಳಿಸಿಕೊಂಡರು. ಯಶಶ್ರೀ ನಂಬರನ್ನು ಒತ್ತಿ ಪರದೆ ನೋಡಿದಳು.

"ಮೇಡಂ, ಈ ನಂಬರ್ ನಿಮ್ ಹೆಸ್ರಲ್ಲಿಲ್ಲ."

"ಗೊತ್ತಮ್ಮ. ನಮ್ಮನೆಯವ್ರ ಹೆಸ್ರಲ್ಲಿರುತ್ತೆ. ಮೂರ್ತಿ ಅಂತ."

"ಇಲ್ಲ ಮೇಡಂ."

"ಹಾಗಾದ್ರೆ ನಮ್ ಮಾವನ್ದು. ಶ್ರೀನಿವಾಸಯ್ಯ."

"ಅವ್ರೂ ಅಲ್ಲ. ದೊಡ್ಡಬೈರಪ್ಪ ಅಂತಿದೆ."

ಹತ್ತು ನಿಮಿಷ ಬಿಡುವಿಲ್ಲದೆ ಮಾತಾಡಿದ್ದವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಯಶಶ್ರೀ ಮೆಲ್ಲಗೆ ವಿವರಿಸಿದಳು. ಪ್ಯಾಕ್ ಬಿಡಬೇಕಾದರೂ, ಬೇರೆ ಕಂಪನಿಗೆ ಹೋಗಬೇಕಾದರೂ, ಈ ಪ್ಯಾಕಿನಲ್ಲಿ ಫೋನಿನಿಂದ ಮಾಡಲಾಗದ, ಕರೆಗಳನ್ನು ಇನ್ನೊಂದು ನಂಬರಿಗೆ ತಿರುಗಿಸುವ ಕೆಲಸಕ್ಕೂ ಆ ದೊಡ್ಡಬೈರಪ್ಪನವರೇ ಬರಬೇಕು, ಕ್ಯಾಮೆರಾದ ಮುಂದೆ ಕೂತು ಮುಖ ತೋರಿಸಬೇಕು.

"ಪ್ಯಾಕ್ ತಗೋಬೇಕಾದ್ರೆ ಯಾರ ಮುಖಾನೂ ಬೇಕಿರ್ಲಿಲ್ವಲ್ಲಮ್ಮ?"

"ಅದಕ್ಕೆ ಓಟಿಪಿ ಸಾಕು ಮೇಡಂ."

"ಚೆನ್ನಾಗಿದೆ. ಒಳಗ್ ಬರಕ್ಕೆ ಓಟಿಪಿ, ಆಚೆ ಹೋಗಕ್ಕೆ ಮುಖ" ಅಂದಳು ಜ್ಯೋತಿಲಕ್ಷ್ಮಿ. ಆದರೆ ಆ ಮಾತಿನಲ್ಲಿ ಮೊದಲಿನ ಖಾರವಿರಲಿಲ್ಲ. ದೊಡ್ಡಬೈರಪ್ಪನ ಮುಖವನ್ನು ಅವಳು ನೋಡಿ ಆರು ವರ್ಷವಾಗಿತ್ತು. ನೋಡದೆ ಇರುವ ಹಾಗೆ ಮಾಡಿಕೊಂಡವಳೂ ಅವಳೇ.

ಮನೆಗೆ ಬಂದು ಹೇಳಿದಾಗ ಮೂರ್ತಿ ಹಣೆ ಚಚ್ಚಿಕೊಂಡ. ಆಗ ಅವನಿಗೆ ಎಲ್ಲ ನೆನಪಾಯಿತು. ಬ್ಯಾಂಡಿಗೆ ಮೊದಲ ಮೊಬೈಲು ಕೊಂಡ ದಿನ ಅಂಗಡಿಯವನು ಫೋಟೋ ಇರುವ ಗುರುತಿನ ಚೀಟಿ ಕೇಳಿದ್ದ. ಶ್ರೀನಿವಾಸಯ್ಯನವರ ವೋಟರ್ ಕಾರ್ಡಿನಲ್ಲಿ ಅವರ ಹೆಸರಿನ ಪಕ್ಕದಲ್ಲಿ ಯಾವುದೋ ಹೆಂಗಸಿನ ಫೋಟೋ ಅಚ್ಚಾಗಿತ್ತು. ಮೂರ್ತಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಬ್ಯಾಂಡಿನಲ್ಲಿ ಸರಿಯಾದ ಕಾಗದ ಇದ್ದದ್ದು ಒಬ್ಬರಿಗೆ ಮಾತ್ರ. ಸೆಟ್ಟಿನ ಟೆಂಪೋ ಓಡಿಸಲು ಲೈಸೆನ್ಸ್ ಮಾಡಿಸಿದ್ದ ಟ್ರಂಪೆಟ್ಟಿನ ದೊಡ್ಡಬೈರಪ್ಪ. ಯಾರ ಹೆಸರಾದರೇನು, ನಾವೆಲ್ಲ ಒಂದೇ ಅಲ್ಲವೇ ಅಂತ ಲೈಸೆನ್ಸ್ ಕೊಟ್ಟು ಸಿಮ್ ತಂದರು. ಆ ಕಾಲದಲ್ಲಿ ಹಾಗೆ ಸಿಮ್ ತೆಗೆದುಕೊಳ್ಳದ ಮನೆಯೇ ಇರಲಿಲ್ಲ. ಆಮೇಲೆ ಎಲ್ಲರೂ ಮರೆತರು.

ದೊಡ್ಡಬೈರಪ್ಪ ಶ್ರೀನಿವಾಸಯ್ಯನವರ ಜೊತೆ ನಿಂತು ಬ್ಯಾಂಡು ಕಟ್ಟಿದವರು. ಮೂರ್ತಿಗೆ ಮೊದಲ ಸರಿಗಮ ಹೇಳಿಕೊಟ್ಟವರು ಅವರೇ. ಅವನು ಚಿಕ್ಕಂದಿನಿಂದ ಅವರನ್ನು ಮಾವ ಅನ್ನುತ್ತಿದ್ದ. ಜ್ಯೋತಿಲಕ್ಷ್ಮಿ ಸೊಸೆಯಾಗಿ ಬಂದಾಗಿನಿಂದ ಅವರನ್ನು ಅಣ್ಣ ಅಂತಲೇ ಕರೆದವಳು. ಆರು ವರ್ಷದ ಹಿಂದೆ ಅವರ ಮುಂದಿನ ಎರಡು ಹಲ್ಲು ಬಿದ್ದವು. ಟ್ರಂಪೆಟ್ಟಿನವರಿಗೆ ಮುಂದಿನ ಹಲ್ಲು ಹೋದರೆ ತುಟಿಗೆ ಹಿಡಿತ ಸಿಗುವುದಿಲ್ಲ. ಆದರೂ ಅವರು ಊದುವುದು ಬಿಡಲಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಒಂದು ವರಪೂಜೆಯ ಮೆರವಣಿಗೆ ನಡೆದಿತ್ತು. ಮೇಲಿನ ಸ್ವರಗಳು ಒಡೆದುಹೋಗುತ್ತಿದ್ದವು, ಗಂಡಿನ ಸ್ನೇಹಿತರು ಅಣಕಿಸಿ ನಗತೊಡಗಿದರು. ಜ್ಯೋತಿಲಕ್ಷ್ಮಿಗೆ ಅವಮಾನವಾಯಿತು. ನಕ್ಕವರ ಮೇಲೆ ತೋರಿಸಬೇಕಾದ ಸಿಟ್ಟನ್ನು ಅವಳು ಬೈರಪ್ಪನವರ ಮೇಲೆ ತೋರಿಸಿದಳು. ಬೀದಿಯ ನಡುವೆ, ಹದಿನಾಲ್ಕು ಜನರ ಎದುರಿಗೆ, "ಸಾಕು ನಿಲ್ಸಿ ಅಣ್ಣ. ಊದಕ್ಕಾಗ್ದೇ ಇರೋರು ಕೋಟ್ ಯಾಕೆ ಹಾಕ್ಕೋಬೇಕು?" ಅಂದಳು. ಅವರು ಕೋಟು ಬಿಚ್ಚಿ, ಮಡಿಸಿ, ಲೈಟಿನ ಗಾಡಿಯ ಮೇಲಿಟ್ಟು, ಬನಿಯನ್ನಿನಲ್ಲೇ ಜನರ ನಡುವೆ ನಡೆದುಕೊಂಡು ಹೋದರು.

"ನೀವ್ ಹೋಗ್ ಬನ್ನಿ" ಅಂತ ಅವಳು ಗಂಡನಿಗೆ ಹೇಳಿದಳು.

"ನಾನ್ ಹೋದ್ರೆ ಮಾತಾಡಿಸ್ತಾರೆ, ಕಾಫಿನೂ ಕೊಡ್ತಾರೆ" ಅಂದ ಮೂರ್ತಿ. "ಆದ್ರೆ ನಾನಲ್ವಲ್ಲ ಅಂದಿದ್ದು."

ಜಗಳವಾಡಲು ಬರದ ಗಂಡಸರು ಇಂಥ ಒಂದೇ ಮಾತಿನಲ್ಲಿ ಕಟ್ಟಿಹಾಕುತ್ತಾರೆ. ಆ ರಾತ್ರಿಯೆಲ್ಲ ಅವಳು ಬೇರೆ ದಾರಿ ಹುಡುಕಿದಳು, ಸಿಗಲಿಲ್ಲ. ಮಾರನೆಯ ದಿನ ಆಟೋ ಹತ್ತಿ ಹನುಮಂತನಗರಕ್ಕೆ ಹೊರಟಳು. ಮೊದಲು ನಂಬರಿನ ವಿಷಯ ಹೇಳಿಬಿಡುವುದು, ಅದಕ್ಕೆ ಅವರು ಒಪ್ಪಿದ ಮೇಲೆ ಹಳೆಯದರ ಬಗ್ಗೆ ಒಂದು ಮಾತು ಸೇರಿಸುವುದು ಅಂತ ದಾರಿಯುದ್ದಕ್ಕೂ ಸಿದ್ಧತೆ ಮಾಡಿಕೊಂಡಳು.

ಬೈರಪ್ಪನವರ ಮನೆ ಗುಡ್ಡದ ದೇವಸ್ಥಾನದ ಪಕ್ಕದ ಏರಿನಲ್ಲಿ, ಮೊದಲ ಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ಮೊಮ್ಮಗಳು ರಕ್ಷಿತಾ. "ತಾತ, ಬ್ಯಾಂಡಿನ ಆಂಟಿ" ಅಂತ ಕೂಗಿ ಒಳಗೆ ಹೋದಳು. ಬೈರಪ್ಪ ಬಿಸಿಲು ಬೀಳುವ ಕಡೆ ಚಾಪೆಯ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳು ಎದುರಿಗೆ ಕೂತಳು. ಕೈ ಸುಮ್ಮನಿರಲಾರದೆ ತಟ್ಟೆಯಿಂದ ಒಂದು ಹಿಡಿ ಕಾಳು ತೆಗೆದುಕೊಂಡು ತಾನೂ ಹಿತುಕತೊಡಗಿದಳು. ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಿದ್ದವು.

"ಹಲ್ ಕಟ್ಟಿಸ್ಕೊಂಡೆ" ಅಂದರು ಬೈರಪ್ಪ, ಕಾಳಿನಿಂದ ಕಣ್ಣೆತ್ತದೆ.

ಸಿದ್ಧಮಾಡಿಕೊಂಡು ಬಂದದ್ದೆಲ್ಲ ಆ ಒಂದು ಮಾತಿಗೆ ಚೆಲ್ಲಾಪಿಲ್ಲಿಯಾಯಿತು. "ತಪ್ಪಾಯ್ತು ಅಣ್ಣ" ಅಂದಳು. "ಅವತ್ತು ನಾನ್ ಹಾಗೆ ಅನ್ಬಾರ್ದಿತ್ತು. ನಗ್ತಿದ್ದೋರ ಕಪಾಳಕ್ಕೆ ಎರಡು ಬಿಡೋದ್ ಬಿಟ್ಟು ನಿಮ್ಗೆ ಅಂದೆ. ಆಮೇಲೂ ಬಂದು ಹೇಳ್ಬೇಕಾಗಿತ್ತು, ಬರ್ಲಿಲ್ಲ. ಅದು ಇನ್ನೂ ದೊಡ್ಡ ತಪ್ಪು."

ಬೈರಪ್ಪ ನಾಲ್ಕು ಕಾಳು ಹಿತುಕಿ ಮುಗಿಸಿದರು. "ನೀನ್ ಹೇಳಿದ್ದು ಸುಳ್ಳಲ್ಲಮ್ಮ. ಊದಕ್ಕಾಗ್ತಿರ್ಲಿಲ್ಲ. ನಂಗೇ ಗೊತ್ತಾಗ್ತಿತ್ತು. ಮನೇಲಿ ಕರ್ದು ಹೇಳಿದ್ರೆ ಬಿಟ್ಬಿಡ್ತಿದ್ದೆ. ಬೀದೀಲಿ ಹೇಳ್ದೆ."

"ಹೌದಣ್ಣ."

"ಆರ್ ವರ್ಷ ಬೇಕಾಯ್ತಾ ಇದನ್ ಹೇಳಕ್ಕೆ?"

"ಈಗ್ಲೂ ನಿಮ್ಮಿಂದ ಒಂದ್ ಕೆಲ್ಸ ಆಗ್ಬೇಕು ಅಂತ ಬಂದಿರೋದು. ಇಲ್ದಿದ್ರೆ ಇವತ್ತೂ ಧೈರ್ಯ ಮಾಡ್ತಿರ್ಲಿಲ್ಲ. ಸುಳ್ ಯಾಕೆ ಹೇಳ್ಲಿ."

ಬೈರಪ್ಪ ಮೊದಲ ಬಾರಿಗೆ ಅವಳ ಮುಖ ನೋಡಿದರು. ಅವರ ಕಟ್ಟಿಸಿಕೊಂಡ ಹಲ್ಲುಗಳು ಸ್ವಲ್ಪ ಕಾಣಿಸಿದವು. ನಗುವೇ ಇರಬೇಕು ಅಂತ ಅವಳು ಅಂದುಕೊಂಡಳು. ಕೆಲಸ ಏನು ಅಂತ ಅವರು ಕೇಳಿದರು, ಅವಳು ಟವರಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಬ್ಯಾಂಡು ಮುಚ್ಚಿಬಿಡೋಣ ಅಂತ ಮೂರ್ತಿ ಅಂದದ್ದನ್ನೂ ಹೇಳಿದಳು. ಬೈರಪ್ಪ ಕೈ ನಿಲ್ಲಿಸಿ ಕೇಳಿಸಿಕೊಂಡರು.

"ನಾಳೆ ಹತ್ತು ಗಂಟೆಗೆ ಅಂಗಡಿ ಹತ್ರ ಇರ್ತೀನಿ. ಮೂರ್ತಿನೂ ಕರ್ಕೊಂಡ್ ಬಾ. ಅವನ್ನ ನೋಡಿ ಬಹಳ ದಿನ ಆಯ್ತು" ಅಂದರು. ಹೊರಡುವಾಗ ಹಿತುಕಿದ ಬೇಳೆಯಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿ ಕೈಗಿತ್ತರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೈರಪ್ಪ ಮಳಿಗೆಯ ಮುಂದೆ ಒಂಬತ್ತು ಮುಕ್ಕಾಲಿಗೇ ನಿಂತಿದ್ದರು. ಮೂರ್ತಿ ಕಾಲಿಗೆ ನಮಸ್ಕರಿಸಲು ಬಗ್ಗಿದ, ಅವರು ಅರ್ಧದಲ್ಲೇ ಹಿಡಿದು ನಿಲ್ಲಿಸಿ ಬೆನ್ನು ತಟ್ಟಿದರು. ಒಳಗೆ ಯಶಶ್ರೀ ಅವರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮುಖದ ಫೋಟೋ ತೆಗೆದಳು, ಪರದೆ ನೋಡಿದಳು, ಹುಬ್ಬೇರಿಸಿದಳು.

"ನೀವು ಮುಂಚೆನೂ ಬಂದಿದ್ರಲ್ಲ ಸರ್. ನಿಮ್ ಫೋಟೋ ಇಲ್ಲಿ ಎರಡಿದೆ."

ಬೈರಪ್ಪ ಕೆಮ್ಮಿದರು. "ಅದೆಲ್ಲ ಯಾಕಮ್ಮ ಈಗ. ನೀನು ಮುಂದಿನ್ ಕೆಲ್ಸ ನೋಡು."

"ಯಾವಾಗ ಬಂದಿದ್ರು?" ಅಂತ ಜ್ಯೋತಿಲಕ್ಷ್ಮಿ ಕೇಳಿದಳು.

ಯಶಶ್ರೀ ಅವರಿಬ್ಬರ ಮುಖ ನೋಡಿ, ಹೇಳಬಹುದೋ ಬಾರದೋ ಅಂತ ಒಂದು ಕ್ಷಣ ಅನುಮಾನಿಸಿ, ಹೇಳಿದಳು. "ಹಳೇ ಕಾಗದ ಕೊಟ್ಟು ತಗೊಂಡಿದ್ದ ಸಿಮ್‌ಗಳಿಗೆಲ್ಲ ಮರುಪರಿಶೀಲನೆ ಅಂತ ಬಂದಿತ್ತು ಮೇಡಂ. ವಿಳಾಸಕ್ಕೆ ನೋಟಿಸ್ ಕಳಿಸ್ತಾರೆ. ಯಾರ್ ಹೆಸ್ರಲ್ಲಿದ್ಯೋ ಅವ್ರು ಬಂದು ಮುಖ ತೋರ್ಸಿಲ್ಲ ಅಂದ್ರೆ ನಂಬರ್ ಕಟ್ ಆಗುತ್ತೆ. ಸರ್ ನಾಲ್ಕು ವರ್ಷದ ಹಿಂದೆ ಒಂದ್ಸಲ ಬಂದಿದಾರೆ. ಹೋದ್ ವರ್ಷ ಜೂನಲ್ಲಿ ಇನ್ನೊಂದ್ಸಲ."

ಜ್ಯೋತಿಲಕ್ಷ್ಮಿ ಬೈರಪ್ಪನವರ ಕಡೆ ತಿರುಗಿದಳು. ಈ ಮನುಷ್ಯ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು, ನಂಬರು ಹೋಗಿ ಬ್ಯಾಂಡು ನಾಲ್ಕು ವರ್ಷದ ಹಿಂದೆಯೇ ಮುಚ್ಚಿಹೋಗುತ್ತಿತ್ತು. ಅವಳು ಅಂದ ಮಾತಿಗೆ ಅದೇ ಸರಿಯಾದ ಉತ್ತರವಾಗುತ್ತಿತ್ತು. ನಾಚಿಕೆಯೂ ಪ್ರೀತಿಯೂ ಒಟ್ಟಿಗೆ ಬಂದು ಅವಳ ಕಣ್ಣು ತುಂಬಿತು.

"ಮನೇಲಿ ಯಾರೂ ಏನೂ ಅನ್ಲಿಲ್ವಾ ಅಣ್ಣ?"

"ಮಗ ಅಂದ. ಹೋಗ್ಬೇಡಪ್ಪ, ಕಟ್ ಆಗ್ಲಿ, ಆಗ ಬುದ್ಧಿ ಬರುತ್ತೆ ಅವ್ರಿಗೆ ಅಂದ" ಅಂತ ಬೈರಪ್ಪ ಮೇಜಿನ ಮೇಲಿನ ಪೆನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಹದಿನಾಲ್ಕು ಜನದ್ ಅನ್ನ ಕಣಮ್ಮ ಅದು. ಸಿಟ್ ಇದ್ದಿದ್ದು ನಿನ್ ಮೇಲೆ. ಅವ್ರೇನ್ ಮಾಡಿದ್ರು?"

ಮೂರ್ತಿ ಮುಖವನ್ನು ಆಚೆ ತಿರುಗಿಸಿಕೊಂಡು, ಗೋಡೆಗೆ ಅಂಟಿಸಿದ್ದ ಹೊಸ ಫೋನಿನ ಜಾಹೀರಾತನ್ನು ಬಹಳ ಹೊತ್ತು ಓದಿದ.

ಅಷ್ಟೆಲ್ಲ ಆದರೂ ಕಂಪನಿ ಕಂಪನಿಯೇ. ಸಿಗ್ನಲ್ ಇಲ್ಲದ ಕಾರಣ ಪ್ಯಾಕಿನಿಂದ ಬಿಡುಗಡೆ ಮಾಡಿ ಅಂತ ಯಶಶ್ರೀ ಬೈರಪ್ಪನವರ ಹೆಸರಿನಲ್ಲಿ ಅರ್ಜಿ ಹಾಕಿದಳು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಉತ್ತರ ಬಂತು, ತಿರಸ್ಕರಿಸಲಾಗಿದೆ ಅಂತ. ಅವಳು ಕಾರಣ ಓದಿದಳು, ಮತ್ತೆ ಓದಿದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಮೇಡಂ, ನಿಮ್ಮ ಏಳು ದೂರು ಇದ್ದಾವಲ್ಲ, ಅಷ್ಟನ್ನೂ ಇವ್ರು ಪರೀಕ್ಷೆ ಮಾಡಿದಾರೆ. ಆದ್ರೆ ನಂಬರಿನ ವಿಳಾಸದಲ್ಲಿ ಮಾಡಿದಾರೆ. ನಂಬರಿನ ವಿಳಾಸ ಸರ್ ಮನೆ, ಹನುಮಂತನಗರ. ಅಲ್ಲಿ ಸಿಗ್ನಲ್ ಫುಲ್ ಇದೆ."

"ಇರುತ್ತಮ್ಮ" ಅಂದರು ಬೈರಪ್ಪ. "ಗುಡ್ಡದ್ ಮೇಲೇ ಟವರ್ ಕಾಣ್ಸುತ್ತೆ. ಬಚ್ಚಲಮನೇಲೂ ಬರುತ್ತೆ."

ಜ್ಯೋತಿಲಕ್ಷ್ಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ನಕ್ಕಳು. ಯಶಶ್ರೀ ಉಳಿದದ್ದನ್ನು ಹೇಳಿದಳು. ವಿಳಾಸ ಬದಲಾಯಿಸಿ ಹೊಸದಾಗಿ ದೂರು ಕೊಡಬಹುದು, ತೀರ್ಮಾನಕ್ಕೆ ನಲವತ್ತೈದು ದಿನ ಬೇಕು. ಇಲ್ಲವೇ ಪ್ಯಾಕಿನ ಅವಧಿ ಮುಗಿಯುವವರೆಗೆ ಕಾಯಬಹುದು, ಅದು ಮುಗಿಯುವುದು ಆಷಾಢದಲ್ಲಿ. ಆಷಾಢದಲ್ಲಿ ಯಾರು ಮದುವೆಯಾಗುತ್ತಾರೆ? ಇಡೀ ಸೀಸನ್ ಮುಗಿಸಿ, ಬೆಂಗಳೂರಿನಲ್ಲಿ ಒಂದು ಓಲಗವೂ ಕೇಳಿಸದ ತಿಂಗಳಿಗೆ ಸರಿಯಾಗಿ ಇವರ ಬಂಧನ ಬಿಡುತ್ತಿತ್ತು. ಇಂಥ ಮುಹೂರ್ತವನ್ನು ಯಾವ ಜೋಯಿಸರೂ ಇಡಲಾರರು ಅಂತ ಜ್ಯೋತಿಲಕ್ಷ್ಮಿಗೆ ಅನ್ನಿಸಿತು.

"ಒಂದ್ ಕೆಲ್ಸ ಈಗ್ಲೇ ಆಗುತ್ತೆ" ಅಂದಳು ಯಶಶ್ರೀ. "ಸರ್ ಇಲ್ಲೇ ಇದಾರಲ್ಲ. ಬ್ಯಾಂಡಿನ ನಂಬರಿಗೆ ಬರೋ ಕರೆನೆಲ್ಲ ಬೇರೆ ಕಂಪನಿ ನಂಬರಿಗೆ ತಿರುಗಿಸ್ಕೊಡ್ತೀನಿ. ಸರ್ ಮತ್ತೆ ಬರೋ ಅಗತ್ಯನೂ ಇರಲ್ಲ. ಬೇರೆ ನಂಬರ್ ಇದ್ಯಾ ಮೇಡಂ?"

ಇತ್ತು. ಎರಡು ಕರೆ ಮಾತ್ರ ಬಂದಿದ್ದ ಆ ಹೊಸ ಸಿಮ್ಮಿನ ನಂಬರು ಜ್ಯೋತಿಲಕ್ಷ್ಮಿಯ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಎರಡು ನಿಮಿಷದ ಕೆಲಸ. ಬ್ಯಾಂಡು ಉಳಿಯುತ್ತಿತ್ತು, ಬೈರಪ್ಪ ಮನೆಗೆ ಹೋಗುತ್ತಿದ್ದರು, ಸರ್ ಮತ್ತೆ ಬರುವ ಅಗತ್ಯ ಇರುತ್ತಿರಲಿಲ್ಲ. ಮತ್ತೆ ಬರುವ ಅಗತ್ಯ ಇರಲ್ಲ ಅನ್ನುವ ಆ ಮಾತೇ ಅವಳಿಗೆ ಚುಚ್ಚಿತು. ಅವಳು ಬಟ್ಟೆಯ ಚೀಲದಿಂದ ಬ್ಯಾಂಡಿನ ಫೋನನ್ನು ತೆಗೆದು ಬೈರಪ್ಪನವರ ಮುಂದಿಟ್ಟಳು.

"ತಿರುಗ್ಸೋದೆಲ್ಲ ಬೇಡಮ್ಮ. ಅಣ್ಣ, ಫೋನ್ ನೀವೇ ಇಟ್ಕೊಳ್ಳಿ. ನಿಮ್ ಮನೇಲಿ ಫುಲ್ ಬರುತ್ತಲ್ಲ. ಬಂದ ಕರೆ ಮಾತಾಡಿ, ತಾರೀಕ್ ಹಿಡೀರಿ. ನನ್ ಹೊಸ ನಂಬರಿಗೆ ಒಂದ್ ಮಾತ್ ಹೇಳಿದ್ರೆ ಉಳಿದಿದ್ದು ನಾವ್ ನೋಡ್ಕೋತೀವಿ."

ಬೈರಪ್ಪ ಫೋನು ಮುಟ್ಟಲಿಲ್ಲ. "ನಾನಿನ್ನು ಊದಲ್ಲಮ್ಮ."

"ಊದಿ ಅಂದ್ನಾ ನಾನು? ಮಾತಾಡಿ ಅಂದೆ. ನಾನ್ ಮಾತಾಡಿದ್ರೆ ಜಗಳ ಆಗುತ್ತೆ. ಮುನಿಯಕ್ಕ ಮಾತಾಡಿದ್ರೆ ಮದ್ವೆನೇ ನಿಂತೋಗುತ್ತೆ."

"ಆಷಾಢದವರ್ಗೆ ತಾನೇ?"

ಈ ಸಲ ಮೂರ್ತಿ ಬಾಯಿ ಬಿಟ್ಟ. "ಅಪ್ಪ ಇದ್ದಾಗ ತಾರೀಕು ಹಿಡೀತಿದ್ದೋರು ನೀವೇ ಅಲ್ವಾ ಮಾವ. ಆಗ ಯಾರಾದ್ರೂ ಆಷಾಢದವರ್ಗೆ ಅಂದಿದ್ರಾ?"

ಬೈರಪ್ಪ ಫೋನನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಮೂವರೂ ಹೊರಗೆ ಬಂದಾಗ ಅದು ಅವರ ಬಿಳಿ ಅಂಗಿಯ ಜೇಬಿನಲ್ಲಿತ್ತು.

ಕಾಫಿ ಕುಡಿಯೋಣ ಅಂತ ಪಕ್ಕದ ಹೋಟೆಲಿಗೆ ಹೋದರು. ಹೂವಿನವರು ಕೂಗುತ್ತಿದ್ದರು, ಆಟೋಗಳು ಒಂದರ ಹಿಂದೆ ಒಂದು ಹಾರ್ನ್ ಹೊಡೆಯುತ್ತಿದ್ದವು. ಕಾಫಿ ಬಂದು ಇನ್ನೂ ಒಂದು ಗುಟುಕು ಇಳಿದಿರಲಿಲ್ಲ, ಬೈರಪ್ಪನವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರು ಗಾಬರಿಯಾಗಿ ಅದನ್ನು ತೆಗೆದು ಜ್ಯೋತಿಲಕ್ಷ್ಮಿಯ ಕಡೆ ಚಾಚಿದರು. ಅವಳು ಎರಡೂ ಕೈಯಿಂದ ಕಾಫಿಯ ಲೋಟವನ್ನು ಹಿಡಿದುಕೊಂಡು ಬಿಟ್ಟಳು. ಅವರು ಮೂರ್ತಿಯ ಕಡೆ ನೋಡಿದರು. ಅವನೂ ಲೋಟ ಹಿಡಿದುಕೊಂಡ.

ಬೈರಪ್ಪ ಫೋನನ್ನು ಕಿವಿಗಿಟ್ಟರು. ಆ ಕಡೆಯವರ ದನಿ ಎಷ್ಟು ದೊಡ್ಡದಿತ್ತೆಂದರೆ ಮೇಜಿನ ಮೂವರಿಗೂ ಕೇಳಿಸಿತು. ಹುಡುಗಿಯ ಮದುವೆ, ವೈಶಾಖದಲ್ಲಿ, ಬಸವನಗುಡಿಯಲ್ಲೇ ಮಂಟಪ, ನಾಲ್ಕು ದಿನದಿಂದ ಈ ನಂಬರಿಗೆ ಪ್ರಯತ್ನ ಮಾಡುತ್ತಿದ್ದೇವೆ, ಕೊನೆಗೂ ಎತ್ತಿದಿರಲ್ಲ, ಅಂದಹಾಗೆ ತಾವು ಯಾರು ಮಾತಾಡುತ್ತಿರುವುದು?

ತಾವು ಯಾರು ಅನ್ನುವ ಪ್ರಶ್ನೆಗೆ ಬೈರಪ್ಪ ತಡವರಿಸಿದರು. ಜ್ಯೋತಿಲಕ್ಷ್ಮಿ ಕಾದಳು. ಜೀವಮಾನದಲ್ಲಿ ಬೇರೆಯವರ ಮಾತಿನ ನಡುವೆ ಬಾಯಿ ಹಾಕದೆ ಕಾದದ್ದು ಅವಳು ಅದೇ ಮೊದಲು. ಹಲೋ, ಹಲೋ ಅಂತ ಆ ಕಡೆಯವರು ಎರಡು ಸಲ ಕೂಗಿದರು.

"ಕೇಳಿಸ್ತಿದೆ ಸ್ವಾಮಿ" ಅಂದರು ಬೈರಪ್ಪ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. "ನಾನು ದೊಡ್ಡಬೈರಪ್ಪ, ಬ್ಯಾಂಡ್ ಸೆಟ್ನೋನು. ತಾರೀಕ್ ಹೇಳಿ, ಬರ್ಕೋತೀನಿ."

ಜ್ಯೋತಿಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಿಲ್ಲು ಬರೆಯುವವನ ಹತ್ತಿರ ಪೆನ್ನು ಕೇಳಲು ಎದ್ದಳು.